ಅಂತೆ, ಆದ್ದರಿಂದ, ನಾಳೆ, ಬೇಕು: ಡೇವಿಡ್ ಹ್ಯೂಮ್‌ನ ದಿನಾ ಬಳಸೋದು ಹೇಗೆ

ಹೋದ ವರ್ಷ ಶ್ರಾವಣದಲ್ಲಿ ನಮ್ಮಮ್ಮ ಶುಗರ್ ಮಾತ್ರೆ ನಿಲ್ಲಿಸಿಬಿಟ್ಟಿದ್ರು, ಮನೇಲಿ ಯಾರಿಗೂ ಹೇಳಿರ್ಲಿಲ್ಲ. ಅವರ ಭಜನೆ ಗ್ರೂಪಲ್ಲಿ ಒಂದು ಮೆಸೇಜ್ ಬಂದಿತ್ತು, ಬೆಳಿಗ್ಗೆ ಖಾಲಿ ಹೊಟ್ಟೇಲಿ ಹಾಗಲಕಾಯಿ ರಸ ಕುಡಿದು ಯಾರಿಗೋ 15 ದಿನಕ್ಕೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗಿದೆ ಅಂತ. ಅಮ್ಮ ರಸ ಶುರು ಮಾಡಿದ್ರು, ನಾಲ್ಕೇ ದಿನಕ್ಕೆ ಮೈ ಹಗುರ ಆದಂಗೆ ಅನ್ನಿಸ್ತು, ಮಾತ್ರೆ ಡಬ್ಬಿ ಬೀರು ಮೇಲೆ ಹೋಯ್ತು. ಮೂರನೇ ವಾರ ತಲೆ ಸುತ್ತು ಬಂದು ಬಚ್ಚಲುಮನೆ ಹೊಸ್ತಿಲಲ್ಲೇ ಕೂತ್ಬಿಟ್ರು, ಆಟೋ ಹಿಡಿದು ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿದ್ರೆ ಶುಗರ್ 300 ದಾಟಿತ್ತು. ಸದ್ಯ, ಮಾತ್ರೆ ಮತ್ತೆ ಶುರು ಮಾಡಿದ್ಮೇಲೆ ಹತೋಟಿಗೆ ಬಂತು.

ಅವತ್ತು ರಾತ್ರಿ ನಾನು ಸಿಕ್ಕಾಪಟ್ಟೆ ಕೂಗಾಡಿದೆ. ಅಮ್ಮ ಎಲ್ಲ ಕೇಳಿಸ್ಕೊಂಡು ಕೊನೆಗೆ ಒಂದೇ ಮಾತು ಕೇಳಿದ್ರು, "ನಾನೇ ಕುಡಿದೆ, ನಂಗೇ ಮೈ ಹಗುರ ಆಯ್ತು, ನನ್ನ ಮೈಗೆ ಆಗಿದ್ದು ಸುಳ್ಳು ಅಂತೀಯೇನೋ?" ನಂಗೆ ಉತ್ತರ ಬರ್ಲಿಲ್ಲ. ಯಾಕಂದ್ರೆ ಅವರು ಹೇಳಿದ್ರಲ್ಲಿ ಸುಳ್ಳು ಇರ್ಲಿಲ್ಲ. ಅನುಭವ ನಂಬು, ನೋಡಿದ್ದನ್ನ ನಂಬು ಅಂತ ತಾನೇ ಸೈನ್ಸ್ ಮೇಷ್ಟ್ರುಗಳು ನಮಗೂ ಹೇಳ್ಕೊಟ್ಟಿದ್ದು? ಅಮ್ಮನೂ ಅದನ್ನೇ ಮಾಡಿದ್ರು. ಹಾಗಾದ್ರೆ ತಪ್ಪಾಗಿದ್ದು ಎಲ್ಲಿ?

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೋನು ಡೇವಿಡ್ ಹ್ಯೂಮ್ ಅನ್ನೋ ತತ್ತ್ವಜ್ಞಾನಿ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡೋನು, ಫಿಲಾಸಫಿ ಓದಿದೋನಲ್ಲ, ಬನಶಂಕರಿಯಲ್ಲಿ ಮೆಟ್ರೋ ಹತ್ತಿದ್ರೆ ಸಿಗೋ ಅರ್ಧ ಗಂಟೇಲಿ ದಿನಾ ನಾಲ್ಕೈದು ಪುಟ ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಈ ಮನುಷ್ಯನ ವಿಚಾರಗಳನ್ನ ಲೈಬ್ರರಿಯಿಂದ ಅಡುಗೆಮನೆಗೆ ತರಬಹುದು, ಅದಕ್ಕೆ ದೊಡ್ಡ ದೊಡ್ಡ ಪದ ಬೇಡ, ನಾವು ದಿನಾ ಆಡೋ ನಾಲ್ಕು ಕನ್ನಡ ಪದದ ಹತ್ರ ಒಂದು ಕ್ಷಣ ನಿಲ್ಲೋದು ಕಲಿತರೆ ಸಾಕು. ಅದು ಹೇಗೆ ಅಂತ ಬರೀತಿದೀನಿ.

ಮೊದಲು ಆಳು ಯಾರು ಅಂತ ಚೂರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1711ರಲ್ಲಿ ಹುಟ್ಟಿದ, ಅದೇ ಊರಲ್ಲಿ 1776ರಲ್ಲಿ ತೀರ್ಕೊಂಡ. ಇಪ್ಪತ್ತರ ಹರೆಯದಲ್ಲಿ ಫ್ರಾನ್ಸಿನ ಲಾ ಫ್ಲೆಶ್ ಅನ್ನೋ ಸಣ್ಣ ಊರಲ್ಲಿ ಕೂತು 'ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್' ಬರೆದ, 1739-40ರಲ್ಲಿ ಅಚ್ಚಾಯ್ತು, ಯಾರೂ ತಿರುಗಿ ನೋಡ್ಲಿಲ್ಲ, ಪ್ರೆಸ್ಸಿಂದ ಹುಟ್ಟುವಾಗಲೇ ಸತ್ತು ಹುಟ್ಟಿತು ಅಂತ ಅವನೇ ಬರ್ಕೊಂಡಿದಾನೆ. ಎಡಿನ್‌ಬರೋ ಯೂನಿವರ್ಸಿಟಿಲಿ ಪ್ರೊಫೆಸರ್ ಆಗೋ ಅವಕಾಶ 1745ರಲ್ಲಿ ತಪ್ಪಿಹೋಯ್ತು, ನಾಸ್ತಿಕ ಅನ್ನೋ ಮಾತಿಗೆ. ಅಂಥ ಪುಸ್ತಕ ಮುಂದೆ ಏನೇನು ಮಾಡ್ತು ನೋಡಿ. ಜರ್ಮನ್ ತತ್ತ್ವಜ್ಞಾನಿ ಇಮ್ಮಾನ್ಯುಯೆಲ್ ಕಾಂಟ್ 1783ರಲ್ಲಿ, ಪ್ರಶ್ನೆ ಮಾಡದೇ ನಂಬೋ ನಿದ್ದೆಯಿಂದ ನನ್ನ ಎಬ್ಬಿಸಿದ್ದೇ ಹ್ಯೂಮ್ ಅಂತ ಬರೆದ. ಐನ್‌ಸ್ಟೈನ್ 1915ರಲ್ಲಿ ಮೊರಿಟ್ಸ್ ಶ್ಲಿಕ್ ಅನ್ನೋ ತತ್ತ್ವಜ್ಞಾನಿಗೆ ಬರೆದ ಪತ್ರದಲ್ಲಿ, ರಿಲೇಟಿವಿಟಿ ಹೊಳೆಯೋಕೆ ಸ್ವಲ್ಪ ಮೊದಲು ಹ್ಯೂಮ್‌ನ ಈ ಪುಸ್ತಕವನ್ನ ತುಂಬ ಆಸೆಯಿಂದ ಓದಿದ್ದೆ, ಅದು ಓದದೇ ಇದ್ದಿದ್ರೆ ಆ ದಾರಿ ಸಿಗ್ತಿತ್ತೋ ಇಲ್ವೋ ಅನ್ನೋ ಅರ್ಥದ ಮಾತು ಹೇಳಿದಾನೆ. ಕಾಲ ಎಲ್ಲರಿಗೂ ಒಂದೇ ಥರ ಓಡುತ್ತೆ ಅನ್ನೋದನ್ನ ಯಾರು ಯಾವಾಗ ಅಳೆದು ನೋಡಿದ್ರು ಅಂತ ಕೇಳೋ ಧೈರ್ಯ ಇಂಥ ಓದಿಂದಲೂ ಬರುತ್ತೆ.

ಆದ್ದರಿಂದ

ಇದು ನಾಲ್ಕರಲ್ಲಿ ದೊಡ್ಡದು, ಇದೊಂದು ಕೈಗೆ ಹತ್ತಿದ್ರೂ ಸಾಕು ಅಂತೀನಿ.

ಹ್ಯೂಮ್ ಬಿಲಿಯರ್ಡ್ಸ್ ಚೆಂಡಿನ ಉದಾಹರಣೆ ಕೊಡ್ತಾನೆ, ನಾವು ಕೇರಂ ತಗೊಳ್ಳೋಣ. ಸ್ಟ್ರೈಕರ್ ಹೋಗಿ ಕಾಯಿಗೆ ತಗುಲ್ತು, ಕಾಯಿ ಹೋಗಿ ಗುಂಡಿಗೆ ಬಿತ್ತು. ನೀವು ಕಣ್ಣಲ್ಲಿ ನೋಡಿದ್ದು ಏನೇನು? ಸ್ಟ್ರೈಕರ್ ಓಡಿದ್ದು, ತಗುಲಿದ್ದು, ಕಾಯಿ ಓಡಿದ್ದು. ಅಷ್ಟೇ. ಇದರ ನಡುವೆ 'ಕಾರಣ' ಅನ್ನೋ ಇನ್ನೊಂದು ವಸ್ತು ನಿಮಗೆ ಕಾಣಿಸ್ತಾ? ಎಷ್ಟೇ ಬಗ್ಗಿ ನೋಡಿದ್ರೂ ಕಾಣಲ್ಲ. ಒಂದಾದ ಮೇಲೆ ಒಂದು ಆಗಿದ್ದನ್ನ ನೂರು ಸಲ, ಸಾವಿರ ಸಲ ನೋಡಿ ನೋಡಿ ಮನಸ್ಸಿಗೆ ರೂಢಿಯಾಗಿ, ಮೊದಲನೇದು ಕಂಡ ತಕ್ಷಣ ಎರಡನೇದಕ್ಕೆ ಮನಸ್ಸು ತಾನೇ ಜಾರ್ಕೊಂಡು ಹೋಗುತ್ತೆ, ಆ ಜಾರೋದಕ್ಕೆ ನಾವು ಕಾರಣ ಅಂತ ಹೆಸರಿಟ್ಟಿದೀವಿ ಅಂತ ಹ್ಯೂಮ್ ಹೇಳ್ತಾನೆ. ಕಾರಣ ಅನ್ನೋದೇ ಇಲ್ಲ ಅಂತ ಅವನು ಹೇಳ್ದ ಅಂತ ಎಷ್ಟೋ ಜನ ಅನ್ಕೊಂಡಿದಾರೆ, ಹಾಗಲ್ಲ, ಅದು ನಮಗೆ ಗೊತ್ತಾಗೋ ದಾರಿ ಇಷ್ಟೇ ಇರೋದು, ಅದಕ್ಕೇ ಹುಷಾರಾಗಿ ನಡೀರಿ ಅಂತ ಹೇಳಿದ್ದು.

ನಮ್ಮಲ್ಲಿ ಇದಕ್ಕೆ ಗಾದೆನೇ ಇದೆ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಂತ. ಗಾದೆ ಗೊತ್ತಿದ್ರೂ ನಾವೆಲ್ಲ ಕಾಗೆನೇ ಬೈತೀವಿ.

ಈಗ ಮಾಡೋ ಕ್ರಮ. ನಿಮ್ಮ ಬಾಯಲ್ಲೋ ಬೇರೆಯವರ ಬಾಯಲ್ಲೋ "ಆದ್ದರಿಂದ", "ಅದಕ್ಕೇ", "ಅದ್ರಿಂದಾನೇ" ಬಂದ ಕೂಡ್ಲೆ ಅದನ್ನ ತೆಗೆದು ಆ ಜಾಗದಲ್ಲಿ "ಆಮೇಲೆ" ಅಂತ ಹಾಕಿ, ವಾಕ್ಯ ಮತ್ತೆ ಓದಿ. "ರಸ ಕುಡಿದೆ, ಅದಕ್ಕೇ ಮೈ ಹಗುರ ಆಯ್ತು" ಅನ್ನೋದು "ರಸ ಕುಡಿದೆ, ಆಮೇಲೆ ಮೈ ಹಗುರ ಆಯ್ತು" ಆಗುತ್ತೆ. ಎರಡನೇ ವಾಕ್ಯ ಪೂರ್ತಿ ನಿಜ, ಅಮ್ಮನ ಅನುಭವಕ್ಕೆ ಒಂಚೂರೂ ಅವಮಾನ ಆಗಲ್ಲ, ಆದ್ರೆ ಮೊದಲನೇ ವಾಕ್ಯದಲ್ಲಿದ್ದ ಗಂಟು ಸಡಿಲ ಆಯ್ತು. ಆಮೇಲೆ ಅಂತ ಅನ್ನೋಕೆ ಕಣ್ಣು ಸಾಕು, ಆದ್ದರಿಂದ ಅನ್ನೋಕೆ ಇನ್ನೂ ಕೆಲಸ ಇದೆ ಅಂತ ಮನಸ್ಸಿಗೆ ಗೊತ್ತಾಗುತ್ತೆ.

ಆ ಕೆಲಸ ಏನು ಅಂದ್ರೆ, ಒಂದು ಹಾಳೆ ತಗೊಂಡು ಚೌಕಾಬಾರ ಮನೆ ಥರ ನಾಲ್ಕು ಮನೆ ಎಳೀರಿ. ಮಾಡಿದ್ದೆ, ಆಯ್ತು. ಮಾಡಿದ್ದೆ, ಆಗ್ಲಿಲ್ಲ. ಮಾಡಿರ್ಲಿಲ್ಲ, ಆದ್ರೂ ಆಯ್ತು. ಮಾಡಿರ್ಲಿಲ್ಲ, ಆಗ್ಲೂ ಇಲ್ಲ. ನಮ್ಮ ತಲೇಲಿ ಯಾವಾಗ್ಲೂ ಮೊದಲನೇ ಮನೆ ಮಾತ್ರ ತುಂಬ್ತಾ ಹೋಗುತ್ತೆ, ಉಳಿದ ಮೂರು ಮನೆ ಖಾಲಿ ಬಿದ್ದಿರುತ್ತೆ, ಅಲ್ಲೇ ಇರೋದು ಮೋಸ.

ನಮ್ಮ ದೊಡ್ಡಪ್ಪ ತುಮಕೂರು ಕಡೆ ಹೊಲದಲ್ಲಿ ಬೋರ್ ಹಾಕ್ಸೋವಾಗ ತೆಂಗಿನಕಾಯಿ ಅಂಗೈ ಮೇಲಿಟ್ಕೊಂಡು ನಡೆದು ಪಾಯಿಂಟ್ ತೋರಿಸೋರನ್ನ ಕರೆಸಿದ್ರು. ಕಾಯಿ ಎದ್ದು ನಿಂತ ಕಡೆ ಕೊರೆದ್ರೆ ನೀರು ಬಂತು. ಈ ಕಥೆ ನಮ್ಮ ಮನೇಲಿ ಪ್ರತಿ ಹಬ್ಬಕ್ಕೂ ಬರುತ್ತೆ. ನಾನು ಒಂದ್ಸಲ ನಿಧಾನಕ್ಕೆ ಕೂತು ದೊಡ್ಡಪ್ಪನ ಕೈಲೇ ಲೆಕ್ಕ ಹಾಕ್ಸಿದೆ, ಅವರೇ ತೋರಿಸಿದ ಬೇರೆ ಪಾಯಿಂಟ್‌ಗಳು ಊರಲ್ಲಿ ಎಷ್ಟು, ಅದ್ರಲ್ಲಿ ಫೇಲ್ ಆಗಿದ್ದು ಎಷ್ಟು, ಯಾರನ್ನೂ ಕರೆಸದೇ ಕೊರೆಸಿದವರಿಗೆ ನೀರು ಬಂದಿದ್ದು ಎಷ್ಟು. ದೊಡ್ಡಪ್ಪ ಹೆಸರು ಹೆಸರಾಗಿ ನೆನೆಸ್ಕೊಂಡು ಹೇಳ್ತಾ ಹೋದ್ರು, ಎರಡನೇ ಮನೇಲೂ ಮೂರನೇ ಮನೇಲೂ ಸಾಲು ಉದ್ದ ಆಯ್ತು. ಅವರೇನೂ ನಂಬಿಕೆ ಬಿಡ್ಲಿಲ್ಲ, "ಪೂರ್ತಿ ಹೇಳಕ್ಕಾಗಲ್ಲ ಬಿಡಪ್ಪ" ಅಂದ್ರು. ನನ್ನ ಮಟ್ಟಿಗೆ ಅದು ದೊಡ್ಡ ಮಾತು.

ಹ್ಯೂಮ್ ಟ್ರೀಟಿಸ್‌ನಲ್ಲಿ ಕಾರಣ ಪತ್ತೆ ಮಾಡೋಕೆ ಎಂಟು ನಿಯಮ ಬರೆದಿದಾನೆ. ಕಾರಣ ಮೊದಲು ಬರ್ಬೇಕು, ಎರಡೂ ಯಾವಾಗ್ಲೂ ಜೊತೆಯಾಗಿ ಕಾಣ್ಬೇಕು, ಒಂದು ಹೆಚ್ಚು ಕಮ್ಮಿ ಆದ್ರೆ ಇನ್ನೊಂದೂ ಅದರ ಜೊತೆ ಹೆಚ್ಚು ಕಮ್ಮಿ ಆಗ್ಬೇಕು, ಈ ಥರ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಬರೆದ ತರ್ಕದ ವಿಧಾನಗಳಲ್ಲಿ ಇದೇ ಚಾಳಿ ಕಾಣುತ್ತೆ, ಸಿಗರೇಟಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅಂತ ತೋರಿಸಿದವರಲ್ಲಿ ಒಬ್ಬನಾದ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಪಟ್ಟಿ ಮಾಡಿದ ಒಂಬತ್ತು ಅಂಶಗಳಲ್ಲೂ ಅವೇ ಮಾತುಗಳ ನೆರಳಿದೆ, ಮೊದಲು ಬಂತಾ, ಬೇರೆ ಬೇರೆ ಕಡೆನೂ ಕಂಡಿತಾ, ಜಾಸ್ತಿ ಸೇದಿದ್ರೆ ಜಾಸ್ತಿ ಆಗುತ್ತಾ. ಇವತ್ತು ಆಸ್ಪತ್ರೇಲಿ ಒಂದು ಔಷಧಿ ಕೆಲಸ ಮಾಡುತ್ತೆ ಅಂತ ಹೇಳೋ ಮೊದಲು ಅದನ್ನ ತಗೊಳ್ಳದೇ ಇರೋ ಗುಂಪನ್ನೂ ಪಕ್ಕದಲ್ಲಿಟ್ಟು ನೋಡ್ತಾರಲ್ಲ, ಅದು ಮೂರನೇ ನಾಲ್ಕನೇ ಮನೆ ತುಂಬೋ ಕೆಲಸ.

ಟ್ರೀಟಿಸ್‌ನ ವಿಚಾರಗಳನ್ನೇ ಚಿಕ್ಕದು ಮಾಡಿ ಬರೆದ 1748ರ 'ಎನ್‌ಕ್ವೈರಿ' ಪುಸ್ತಕದಲ್ಲಿ ಹ್ಯೂಮ್ ಇನ್ನೊಂದು ಸಣ್ಣ ವಾಕ್ಯ ಸೇರಿಸ್ತಾನೆ, ಮೊದಲನೇದು ಇಲ್ದೇ ಹೋಗಿದ್ರೆ ಎರಡನೇದು ಆಗ್ತಾನೇ ಇರ್ಲಿಲ್ಲ ಅನ್ನೋದೇ ಕಾರಣ ಅಂತ. ನಮ್ಮ ಟೆಸ್ಟಿಂಗ್ ಕೆಲಸದಲ್ಲಿ ನಾನು ದಿನಾ ಬಳಸೋದು ಇದನ್ನ. ಸರ್ವರ್ ಬಿತ್ತು, ರೀಸ್ಟಾರ್ಟ್ ಮಾಡಿದ್ರು, ಎದ್ದಿತು, "ರೀಸ್ಟಾರ್ಟ್ ಮಾಡಿದ್ದಕ್ಕೆ ಸರಿಹೋಯ್ತು" ಅಂತ ಟಿಕೆಟ್ ಕ್ಲೋಸ್. ರೀಸ್ಟಾರ್ಟ್ ಮಾಡದೇ ಐದು ನಿಮಿಷ ಸುಮ್ನೆ ಬಿಟ್ಟಿದ್ರೆ ಏನಾಗ್ತಿತ್ತು ಅಂತ ಯಾರೂ ನೋಡಿಲ್ಲ. ಇನ್ನೊಂದು ಸಲ ಬಿದ್ದಾಗ ಕಾದು ನೋಡಿದ್ವಿ, ತಾನೇ ಎದ್ದಿತು, ನಿಜವಾದ ತೊಂದರೆ ಬೇರೆಲ್ಲೋ ಇತ್ತು.

ಅಮ್ಮನ ವಿಷಯಕ್ಕೆ ಬರ್ತೀನಿ. ಅವರ ಜೊತೆ ಹಾಳೆ ಹಿಡ್ಕೊಂಡು ಕೂತಾಗ ಹೊರಗೆ ಬಂದಿದ್ದು ಏನಂದ್ರೆ, ರಸ ಶುರು ಮಾಡಿದ ವಾರಾನೇ ಶ್ರಾವಣ ಶುರುವಾಗಿತ್ತು, ಸೋಮವಾರ ಶನಿವಾರ ಒಪ್ಪೊತ್ತು, ರಾತ್ರಿ ಅನ್ನ ಬಿಟ್ಟಿದ್ರು, ಹಾಲು ಸಕ್ಕರೆ ಕಾಫಿನೂ ಕಮ್ಮಿ ಮಾಡಿದ್ರು. ಮೈ ಹಗುರ ಆಗೋಕೆ ಒಂದೇ ಮನೇಲಿ ನಾಲ್ಕು ಜನ ನಿಂತಿದ್ರು, ಹೊಗಳಿಕೆ ಮಾತ್ರ ಹಾಗಲಕಾಯಿಗೆ ಹೋಯ್ತು. ಒಂದು ಎಚ್ಚರಿಕೆ, ಇದನ್ನ ಓದಿ ಯಾರೂ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡೋಕೆ ಹೋಗ್ಬೇಡಿ, ಖಾಲಿ ಮನೆ ತುಂಬೋ ಕೆಲಸ ಡಾಕ್ಟರ್ ಹತ್ರ ಮಾತಾಡಿಕೊಂಡೇ ಆಗ್ಬೇಕು. ನಾವು ಮಾಡಿದ್ದು ಇಷ್ಟೇ, ಮಾತ್ರೆ ತಪ್ಪದೇ ತಗೊಳ್ತಾ ಒಂದು ನೋಟ್‌ಬುಕ್ಕಲ್ಲಿ ಬೆಳಗಿನ ಶುಗರ್, ಹಿಂದಿನ ರಾತ್ರಿ ಊಟ, ನಡೆದಿದ್ದು, ನಿದ್ದೆ, ನಾಲ್ಕೂ ಬರೆಯೋದು. ಅಮ್ಮನೇ ಬರೀತಾರೆ, ಕ್ಯಾಲೆಂಡರ್ ಮೊಳೆಗೆ ದಾರ ಕಟ್ಟಿ ಪೆನ್ನು ತೂಗಾಕಿದಾರೆ.

ಅಂತೆ

ಕನ್ನಡ ನಮಗೆ ಕೊಟ್ಟಿರೋ ದೊಡ್ಡ ಉಡುಗೊರೆ ಈ ಪದ. "ಮಳೆ ಬಂತು" ಅಂದ್ರೆ ನಾನೇ ನೋಡಿದೆ. "ಮಳೆ ಬಂತಂತೆ" ಅಂದ್ರೆ ಯಾರೋ ಹೇಳಿದ್ದು ಕೇಳಿದೆ. ಎರಡಕ್ಷರ ಅಂಟಿಸಿದ್ರೆ ಸಾಕು, ಮಾತಿನ ಮೂಲ ಎಲ್ಲಿದು ಅಂತ ಮಾತೇ ಹೇಳುತ್ತೆ. ಹ್ಯೂಮ್ ಪವಾಡಗಳ ಬಗ್ಗೆ ಬರೆದ ಭಾಗ, 1748ರ ಪುಸ್ತಕದ ಹತ್ತನೇದು, ಓದ್ತಾ ನಂಗೆ ಪದೇ ಪದೇ ಅನ್ನಿಸಿದ್ದು ಇವನಿಗೆ ಕನ್ನಡ ಗೊತ್ತಿದ್ದಿದ್ರೆ ಅರ್ಧ ಅಧ್ಯಾಯ ಈ ಒಂದು ಪದದ ಮೇಲೇ ಬರೀತಿದ್ದ ಅಂತ. ಅವನು ಹೇಳೋದು, ತಿಳಿವಳಿಕೆ ಇರೋನು ಸಾಕ್ಷಿ ಎಷ್ಟಿದೆಯೋ ಅಷ್ಟೇ ಅಳತೆಗೆ ನಂಬ್ತಾನೆ. ನಂಬು ಅಥವಾ ಬಿಡು ಅಂತ ಎರಡೇ ದಾರಿ ಅವನು ಕೊಡಲ್ಲ, ಪಾವು ಸೇರು ಥರ ಅಳೆದು ಹಾಕು ಅಂತಾನೆ. ಯಾರಾದ್ರೂ ಒಂದು ಅದ್ಭುತ ನಡೀತು ಅಂತ ಹೇಳಿದ್ರೆ ತಕ್ಕಡಿಯ ಒಂದು ತಟ್ಟೇಲಿ ಆ ಅದ್ಭುತ ಇಡಿ, ಇನ್ನೊಂದರಲ್ಲಿ ಹೇಳಿದವರಿಗೆ ತಪ್ಪು ತಿಳಿದಿರೋ ಸಾಧ್ಯತೆ ಇಡಿ, ಯಾವುದು ನಡೆಯೋದು ಹೆಚ್ಚು ಅಪರೂಪ ಅಂತ ನೋಡಿ, ಹೆಚ್ಚು ಅಪರೂಪದ್ದನ್ನ ಪಕ್ಕಕ್ಕಿಡಿ.

1995ರ ಸೆಪ್ಟೆಂಬರ್ 21, ಗಣಪತಿ ಹಾಲು ಕುಡಿದ ದಿನ, ಗೊತ್ತಿರುತ್ತೆ. ನಂಗೆ ಆಗ ಒಂಬತ್ತು ವರ್ಷ, ಹನುಮಂತನಗರದಲ್ಲಿ ನಮ್ಮ ಬೀದಿ ಗುಡಿ ಮುಂದೆ ಲೋಟ ಚಮಚ ಹಿಡ್ಕೊಂಡು ಸಾಲಲ್ಲಿ ನಿಂತಿದ್ದೆ, ಚಮಚದ ಹಾಲು ಸೊಂಡಿಲ ಹತ್ರ ಹಿಡಿದಾಗ ನಿಜವಾಗ್ಲೂ ಕಮ್ಮಿ ಆಯ್ತು, ಮೈ ಜುಂ ಅಂತು, ಆ ಜುಂ ಅನ್ನಿಸಿದ್ದು ಇವತ್ತಿಗೂ ನಂಗೆ ಬೆಲೆಬಾಳೋದೇ. ಆದ್ರೆ ನಾನು ನೋಡಿದ್ದು "ಹಾಲು ಚಮಚದಿಂದ ಕಮ್ಮಿ ಆಯ್ತು". "ಕುಡಿದ" ಅನ್ನೋದನ್ನ ನಾನು ಸಾಲಲ್ಲಿ ನಿಂತವರ ಬಾಯಿಂದ ತಗೊಂಡಿದ್ದೆ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ರು, ಕಲ್ಲಿಗೆ ಚಮಚ ತಾಗಿದ ಕೂಡ್ಲೆ ಹಾಲು ಮೇಲ್ಮೈ ಸೆಳೆತಕ್ಕೆ ಹೊರಗೆ ಬಂದು ತೆಳ್ಳಗೆ ಹರಡ್ಕೊಂಡು ಮೂರ್ತಿ ಮೇಲೇ ಕೆಳಗೆ ಇಳೀತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಇದಕ್ಕೇ.

ನಮ್ಮೂರಲ್ಲಿ ಈ ಪ್ರಮಾಣಿಸಿ ನೋಡೋ ಕೆಲಸವನ್ನ ಜೀವನಪೂರ್ತಿ ಮಾಡಿದವರು ಎಚ್. ನರಸಿಂಹಯ್ಯನವರು. ಬಸವನಗುಡಿ ನ್ಯಾಷನಲ್ ಕಾಲೇಜಿನ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷೆ ಮಾಡಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸೋಕೆ ಒಂದು ಸಮಿತಿ ಮಾಡಿದ್ರು. 'ಪರೀಕ್ಷೆ ಮಾಡಬಹುದಾದ' ಅನ್ನೋ ಆ ಪದ ಗಮನಿಸಿ, ಎಷ್ಟು ಅಳೆದು ಇಟ್ಟ ಪದ ಅದು. ಖಾದಿ ಉಟ್ಟ, ಹಾಸ್ಟೆಲ್ ರೂಮಲ್ಲೇ ಬದುಕು ಕಳೆದ ಗಾಂಧಿವಾದಿ ಮೇಷ್ಟ್ರಿಗೂ ಎಡಿನ್‌ಬರೋದ ಹ್ಯೂಮ್‌ಗೂ ಯಾವ ಹೋಲಿಕೆನೂ ಇಲ್ಲ, ಕೇಳಿದ ಪ್ರಶ್ನೆ ಮಾತ್ರ ಒಂದೇ.

ಮಾಡೋ ಕ್ರಮ ಸುಲಭ. ಎಲ್ಲೆಲ್ಲಿ ಅಂತೆ ಬಿದ್ದು ಹೋಗಿದೆಯೋ ಅಲ್ಲಲ್ಲಿ ವಾಪಸ್ ಅಂಟಿಸಿ, ಎಷ್ಟು ಅಂತೆ ಇದೆ ಅಂತ ಎಣಿಸಿ. "ನಮ್ಮ ಭಾವನ ಆಫೀಸಲ್ಲಿ ಒಬ್ಬರ ಅತ್ತೆಗೆ ವಾಸಿಯಾಯ್ತು" ಅನ್ನೋದ್ರಲ್ಲಿ ಕಮ್ಮಿ ಅಂದ್ರೂ ಮೂರು ಅಂತೆ ಇದೆ. ಫಾರ್ವರ್ಡ್ ಮಾಡೋ ಮೊದಲು ಆ ಮೂರನ್ನೂ ಬರೆದು ಕಳಿಸಿ ನೋಡಿ, ಕೈ ತಾನೇ ನಿಲ್ಲುತ್ತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಅನ್ನೋ ಗಾದೆ ಕೇಳಿ ನಾವು ನಗ್ತೀವಿ, ಆದ್ರೆ ಇದು ನಗೋ ವಿಷಯವಾಗಿ ಉಳಿದಿಲ್ಲ. 2018ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನೋ ವದಂತಿಗೆ ರಾಜಸ್ಥಾನದಿಂದ ಬಂದಿದ್ದ ಒಬ್ಬ ಹುಡುಗನ್ನ ಜನ ಹೊಡೆದು ಕೊಂದರು. ಆ ತಿಂಗಳು ಎಲ್ಲರ ಮೊಬೈಲಲ್ಲೂ ಓಡಾಡ್ತಿದ್ದ ಮೆಸೇಜಲ್ಲಿ "ಬಂದಿದಾರೆ" ಅಂತಿತ್ತು, "ಬಂದಿದಾರಂತೆ" ಅಂತ ಇರ್ಲಿಲ್ಲ. ಅದಾದ ಎರಡು ತಿಂಗಳಿಗೆ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಆಗದ ಹಾಗೆ ಮಾಡಿತು.

ಹ್ಯೂಮ್‌ನ ಈ ವಾದಕ್ಕೆ ಅವತ್ತೇ ಎದುರು ಮಾತೂ ಬಂತು, ಅದನ್ನೂ ಹೇಳಬೇಕು. ರಿಚರ್ಡ್ ಪ್ರೈಸ್ ಅನ್ನೋ ಪಾದ್ರಿ 1767ರಲ್ಲಿ, ಲಾಟರೀಲಿ ಇಂಥದೇ ನಂಬರ್ ಬರೋದು ಎಷ್ಟೋ ಸಾವಿರಕ್ಕೊಂದು ಸಾಧ್ಯತೆ, ಆದ್ರೂ ಪೇಪರಲ್ಲಿ ಬಂದ ನಂಬರನ್ನ ನಂಬ್ತೀವಲ್ಲ ಅಂತ ಕೇಳ್ದ. ಒಳ್ಳೇ ಪ್ರಶ್ನೆ, ಬರೀ ಅಪರೂಪ ಅನ್ನೋದೊಂದನ್ನೇ ನೋಡಿದ್ರೆ ಸಾಲದು, ಹೇಳೋರು ತಪ್ಪು ಹೇಳೋಕೆ ಏನು ಕಾರಣ ಇದೆ ಅಂತಾನೂ ನೋಡ್ಬೇಕು ಅಂತ ಅದರಿಂದ ನಾನು ಕಲಿತೆ. ಇದೇ ಪ್ರೈಸ್, ಗೆಳೆಯ ಥಾಮಸ್ ಬೇಯ್ಸ್ ಸತ್ತ ಮೇಲೆ ಅವನ ಲೆಕ್ಕವನ್ನ ಜನರ ಮುಂದೆ ಇಟ್ಟೋನು, ಇವತ್ತು ನಮ್ಮ ಈಮೇಲಿನ ಸ್ಪ್ಯಾಮ್ ಸೋಸೋ ಪ್ರೋಗ್ರಾಮುಗಳಲ್ಲೂ ಬಳಕೆಯಾಗೋ ಬೇಯ್ಸ್ ಸೂತ್ರ ಅದೇ.

ನಾಳೆ

ತೊಂಬತ್ತರ ದಶಕದಲ್ಲಿ ನಮ್ಮ ಬೀದೀಲಿ ಎಲ್ಲರ ಬಾಗಿಲ ಮೇಲೂ "ನಾಳೆ ಬಾ" ಅಂತ ಬರೆದಿರ್ತಿತ್ತು, ರಾತ್ರಿ ಬಾಗಿಲು ತಟ್ಟೋ ದೆವ್ವ ಅದನ್ನ ಓದಿ ವಾಪಸ್ ಹೋಗುತ್ತೆ ಅಂತ, ನಾಳೆ ಯಾವತ್ತೂ ಬರಲ್ವಲ್ಲ. ಹ್ಯೂಮ್‌ನ ಮೂರನೇ ಪಾಠ ನಂಗೆ ಈ ಸೀಮೆಸುಣ್ಣದ ಅಕ್ಷರದ ಜೊತೆಗೇ ನೆನಪಿರೋದು. ಇಲ್ಲಿವರೆಗೆ ಹೀಗೇ ಆಗಿದೆ, ನಾಳೆನೂ ಹೀಗೇ ಆಗುತ್ತೆ ಅನ್ನೋಕೆ ನಿನ್ನ ಹತ್ರ ಏನು ಆಧಾರ ಅಂತ ಅವನು ಕೇಳ್ತಾನೆ. ಇಲ್ಲಿವರೆಗೂ ಹಾಗೇ ಆಗಿದೆಯಲ್ಲ ಅಂದ್ರೆ ಅದೇ ಮಾತನ್ನ ಅದೇ ಮಾತಿಂದ ಸಾಧಿಸಿದ ಹಾಗಾಯ್ತು. ನಮ್ಮಲ್ಲಿ ಕಣ್ಣಿಗೆ ಕಂಡಿದ್ದನ್ನ ಮಾತ್ರ ನಂಬ್ತಿದ್ದ ಚಾರ್ವಾಕರು ಹೊಗೆ ಇದ್ದಲ್ಲೆಲ್ಲ ಬೆಂಕಿ ಅನ್ನೋ ವ್ಯಾಪ್ತಿನ, ಅಂದ್ರೆ ತಪ್ಪದ ಸಂಬಂಧಾನ, ಹಿಡಿದು ಇದೇ ತಕರಾರು ತೆಗೆದಿದ್ರು, ತರ್ಕಶಾಸ್ತ್ರದವರಾದ ನೈಯಾಯಿಕರು ಶತಮಾನಗಟ್ಟಲೆ ಅವರಿಗೆ ಉತ್ತರ ಕೊಡ್ತಾ ಕೂತ್ರು. ಬರ್ಟ್ರಂಡ್ ರಸೆಲ್ 1912ರಲ್ಲಿ ದಿನಾ ಕಾಳು ಹಾಕಿದ ಕೈಯೇ ಕೊನೇ ದಿನ ಕೋಳಿ ಕತ್ತು ಮುರಿಯೋ ಕಥೆ ಹೇಳ್ದ. ಕಾರ್ಲ್ ಪಾಪರ್ ಅನ್ನೋ ತತ್ತ್ವಜ್ಞಾನಿ ಅಂತೂ ಈ ಪ್ರಶ್ನೆಗೆ ಉತ್ತರ ಹುಡುಕ್ತಾನೇ, ತಪ್ಪಿದ್ರೆ ತಪ್ಪು ಅಂತ ತೋರಿಸೋಕೆ ಅವಕಾಶ ಕೊಡೋ ಮಾತೇ ವಿಜ್ಞಾನ ಅನ್ನೋ ತನ್ನ ಸಿದ್ಧಾಂತ ಕಟ್ಟಿದ.

ನಮ್ಮ ಅಪಾರ್ಟ್‌ಮೆಂಟಲ್ಲಿ "ನಮ್ಮ ಬೋರ್ 18 ವರ್ಷದಿಂದ ಬತ್ತಿಲ್ಲ, ಮಳೆನೀರು ಕೊಯ್ಲಿಗೆ ಯಾಕೆ ದುಡ್ಡು" ಅಂತಿದ್ರು. 2024ರ ಬೇಸಿಗೇಲಿ ಬತ್ತಿತು, ಟ್ಯಾಂಕರ್‌ಗೆ ಸಾಲು ನಿಂತ್ವಿ. ಕೆಲಸ ಇಷ್ಟೇ, "ನಾಳೆನೂ" ಅಂತ ಬಾಯಿಗೆ ಬಂದಾಗ "ಇಲ್ಲಿವರೆಗೆ" ಅಂತ ಹೇಳಿ ನಿಲ್ಲಿಸಿ. ಹಾಗಂತ ನಾಳೆ ಸೂರ್ಯ ಹುಟ್ಟುತ್ತಾ ಅಂತ ನಿದ್ದೆಗೆಡಬೇಡಿ, ಹ್ಯೂಮ್ ತಾನೇ ಹೇಳ್ತಾನೆ, ರೂಢಿಯೇ ಮನುಷ್ಯನ ಬದುಕಿಗೆ ದೊಡ್ಡ ದಾರಿತೋರುಗ, ಅದು ಇಲ್ದಿದ್ರೆ ಒಂದು ಹೆಜ್ಜೆನೂ ಇಡೋಕಾಗಲ್ಲ ಅಂತ. ರೂಢಿ ಮೇಲೆ ನಡೀರಿ, ಟ್ಯಾಂಕಲ್ಲಿ ಒಂದಷ್ಟು ನೀರೂ ಇಟ್ಕೊಳ್ಳಿ.

ಬೇಕು

ಇದು ನಂಗೆ ತುಂಬ ಇಷ್ಟವಾದದ್ದು. ಟ್ರೀಟಿಸ್‌ನ ಮೂರನೇ ಪುಸ್ತಕದಲ್ಲಿ ಒಂದೇ ಒಂದು ಪ್ಯಾರಾ. ನೀತಿ ಬಗ್ಗೆ ಬರೆಯೋರೆಲ್ಲ ಶುರುವಿನಲ್ಲಿ ಹೀಗಿದೆ, ಹಾಗಿದೆ, ಹೀಗಿಲ್ಲ ಅಂತ ಹೇಳ್ತಾ ಹೋಗ್ತಾರೆ, ಇದ್ದಕ್ಕಿದ್ದ ಹಾಗೆ ಎಲ್ಲ ವಾಕ್ಯಗಳೂ ಹೀಗಿರಬೇಕು, ಹಾಗಿರಬಾರದು ಅಂತ ಆಗಿಬಿಡುತ್ತೆ, ಇದೆ ಅನ್ನೋದ್ರಿಂದ ಬೇಕು ಅನ್ನೋದಕ್ಕೆ ಹೇಗೆ ದಾಟಿದ್ರು ಅಂತ ಒಬ್ಬರೂ ಹೇಳಲ್ಲ ಅಂತ ಅವನ ದೂರು. ಸುಮಾರು 280 ವರ್ಷದಿಂದ ನೀತಿಶಾಸ್ತ್ರ ಬರೆಯೋರು ಈ ಪ್ಯಾರಾನ ದಾಟೋಕೆ ಒದ್ದಾಡ್ತಿದಾರೆ.

ಕನ್ನಡದಲ್ಲಿ ಯೋಚನೆ ಮಾಡಿದ್ರೆ ಇದು ಇನ್ನೂ ಚೆನ್ನಾಗಿ ಬಿಚ್ಕೊಳ್ಳುತ್ತೆ. "ನಂಗೆ ಕಾಫಿ ಬೇಕು", ಇದು ಆಸೆ. "ಹಿರಿಯರು ಹೇಳಿದ ಹಾಗೆ ಕೇಳಬೇಕು", ಇದು ಕಟ್ಟಳೆ. ಎರಡರಲ್ಲೂ ಅದೇ ಬೇಕು. ವ್ಯತ್ಯಾಸ ಎಲ್ಲಿ ಅಂದ್ರೆ ಮೊದಲನೇದ್ರಲ್ಲಿ "ನಂಗೆ" ಅಂತ ಇದೆ, ಯಾರಿಗೆ ಬೇಕು ಅಂತ ಗೊತ್ತು. ಎರಡನೇದ್ರಲ್ಲಿ ಆ "ಯಾರಿಗೆ" ಅನ್ನೋದು ಮಾಯ ಆಗಿದೆ. ನೀತಿ ಅನ್ನೋದು ತರ್ಕದಿಂದ ಹುಟ್ಟೋದಲ್ಲ, ಮನುಷ್ಯರ ಭಾವನೆಯಿಂದ, ಇನ್ನೊಬ್ಬರ ನೋವು ನಲಿವು ನಮಗೂ ತಟ್ಟೋದ್ರಿಂದ ಹುಟ್ಟೋದು ಅಂತ ಹ್ಯೂಮ್ ಹೇಳೋದು, ಬುದ್ಧಿ ಭಾವನೆಗಳ ಆಳು ಅಂತಾನೂ ಅಂತಾನೆ. ನಮ್ಮ ಭಾಷೆ ಆಸೆಗೂ ಕಟ್ಟಳೆಗೂ ಒಂದೇ ಪದ ಇಟ್ಕೊಂಡಿರೋದು ನೋಡಿ ನಂಗೆ ಮೈ ನವಿರೇಳ್ತು. ಹ್ಯೂಮ್‌ನ ಗೆಳೆಯ ಆಡಮ್ ಸ್ಮಿತ್ ಇನ್ನೊಬ್ಬರ ಜಾಗದಲ್ಲಿ ನಿಂತು ಮರುಗೋ ಗುಣದ ಮೇಲೆ ಇಡೀ ಪುಸ್ತಕ ಬರೆದ, 1759ರಲ್ಲಿ.

ಹಾಗಾಗಿ ಮಾಡೋ ಕ್ರಮ ಒಂದೇ ಪ್ರಶ್ನೆ, "ಯಾರಿಗೆ ಬೇಕು?" ನಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಮನೆಕೆಲಸಕ್ಕೆ ಬರೋ ಅಕ್ಕಂದಿರು ಸಾಮಾನು ಸಾಗಿಸೋ ಲಿಫ್ಟಲ್ಲೇ ಹೋಗಬೇಕು ಅನ್ನೋ ಮಾತು ಬಂತು. ಕಾರಣ ಕೇಳಿದ್ರೆ, "ಮೊದಲಿಂದ ಹಾಗೇ ಇದೆ, ಎಲ್ಲಾ ಅಪಾರ್ಟ್‌ಮೆಂಟಲ್ಲೂ ಹಾಗೇ ಇದೆ." ಇದೆ, ಇದೆ, ಇದೆ, ಆಮೇಲೆ ಬೇಕು. ನಾನು ಎದ್ದು, ಸರ್ ಹಾಗಿದೆ ಅನ್ನೋದು ಒಪ್ಪಿದೆ, ಹಾಗಿರಬೇಕು ಅನ್ನೋದು ಯಾರಿಗೆ ಬೇಕು, ಯಾಕೆ ಬೇಕು ಅಂತ ಹೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ಬ ಹಿರಿಯ ಆಂಟಿ, "ನಮ್ಮನೆಗೆ ಬರೋ ಅವಳಿಗೆ ಮಂಡಿ ನೋವು, ಆ ಲಿಫ್ಟ್ ವಾರಕ್ಕೆರಡು ದಿನ ಕೆಟ್ಟಿರುತ್ತೆ, ಮೆಟ್ಟಿಲು ಹತ್ತುತಾಳೆ ಪಾಪ" ಅಂದ್ರು. ವಾದದಿಂದ ಆಗದೇ ಇದ್ದದ್ದು ಆ ಮಂಡಿ ನೋವಿಂದ ಆಯ್ತು, ನಿಯಮ ಹೋಯ್ತು. ಹ್ಯೂಮ್ ಹೇಳಿದ್ದು ಸರಿ ಅಂತ ನಂಗೆ ಖಾತ್ರಿ ಆಗಿದ್ದು ಅವತ್ತು, ಪುಸ್ತಕ ಓದ್ದಾಗ ಅಲ್ಲ.

ಈ ಅಳತೇನ ಹ್ಯೂಮ್‌ಗೂ ಹಿಡೀಬೇಕು, ಬಿಡೋ ಹಾಗಿಲ್ಲ. ಬೇರೆ ಬೇರೆ ದೇಶದ ಜನರ ಸ್ವಭಾವದ ಬಗ್ಗೆ ಬರೆದ ಪ್ರಬಂಧಕ್ಕೆ 1753ರಲ್ಲಿ ಒಂದು ಅಡಿಟಿಪ್ಪಣಿ ಸೇರಿಸಿ, ಕಪ್ಪು ಜನ ಹುಟ್ಟಾ ಕೀಳು ಅಂತ ಬರೆದ. ಜಮೈಕಾದಲ್ಲಿ ಒಬ್ಬ ವಿದ್ವಾಂಸ ಇದಾನಂತೆ, ಗಿಣಿ ಥರ ಒಂದೆರಡು ಮಾತು ಕಲಿತಿರಬೇಕು ಅಂತ ತಳ್ಳಿ ಹಾಕ್ದ. ನೋಡಿ, ಅವನದೇ ವಾಕ್ಯದಲ್ಲಿ ಅಂತೆ ಇದೆ, ಹೋಗಿ ನೋಡಿದ್ದಲ್ಲ, ಕೇಳಿದ್ದು. ಸಾಕ್ಷಿ ಅಳೆದು ನಂಬಿ ಅಂತ ಜಗತ್ತಿಗೆ ಹೇಳಿದೋನು ಇಲ್ಲಿ ಅಳೀಲೇ ಇಲ್ಲ, ಜೇಮ್ಸ್ ಬೀಟಿ ಅನ್ನೋನು 1770ರಲ್ಲೇ ಇದನ್ನ ಎತ್ತಿ ಖಂಡಿಸಿದ. 2020ರಲ್ಲಿ ಎಡಿನ್‌ಬರೋ ಯೂನಿವರ್ಸಿಟಿ ತನ್ನ ಕಟ್ಟಡಕ್ಕಿದ್ದ ಹ್ಯೂಮ್ ಹೆಸರು ತೆಗೆಯಿತು. ನಂಗೆ ಇದು ಓದಿ ನೋವಾಯ್ತು, ಆದ್ರೆ ಅವನ ತಪ್ಪು ಹಿಡಿಯೋಕೆ ಬೇಕಾದ ತಕ್ಕಡಿ ಅವನ ಪುಸ್ತಕದಲ್ಲೇ ಸಿಗುತ್ತೆ, ಅದಕ್ಕೇ ಇನ್ನೂ ಓದ್ತೀನಿ.

ಮನೇಲಿ ಶುರು ಮಾಡೋರಿಗೆ ಎರಡು ಮಾತು. ಬೇರೆಯವರ ದೇವರಿಂದ ಶುರು ಮಾಡ್ಬೇಡಿ, ನಿಮ್ಮದೇ ಆದ್ದರಿಂದಗಳಿಂದ ಶುರು ಮಾಡಿ, ಮೊದಲ ಒಂದು ತಿಂಗಳು ನಿಮ್ಮ ಮಾತಲ್ಲಿ ಮಾತ್ರ ಹುಡುಕಿ, ನಾನು ಮಾಡಿದಾಗ ದಿನಕ್ಕೆ ಹತ್ತಾದ್ರೂ ಸಿಗ್ತಿತ್ತು. ಅಪ್ಪ ಅಮ್ಮನ ಹತ್ರ ಮಾತಾಡೋವಾಗ ನೀವು ಹೇಳಿದ್ದು ಸುಳ್ಳು ಅನ್ನೋದು ಬೇಡ, "ಆಮೇಲೆ ಏನಾಯ್ತಮ್ಮ, ಇನ್ಯಾರಿಗಾಯ್ತು, ಆಗದೇ ಇದ್ದೋರು ಯಾರಾದ್ರೂ ಇದಾರಾ" ಅಂತ ಕೇಳಿ, ಪಕ್ಕ ಕೂತು ಕೇಳಿ, ನಿಂತ್ಕೊಂಡು ಕೇಳ್ಬೇಡಿ. ಎರಡನೇದು, ಅನುಮಾನ ತಲೆಗೇರಿ ಯಾವುದೂ ನಿಜ ಅಲ್ಲ ಅನ್ನಿಸೋಕೆ ಶುರುವಾದ್ರೆ ಪುಸ್ತಕ ಮುಚ್ಚಿಡಿ. ಹ್ಯೂಮ್‌ಗೂ ಹಾಗಾಗಿತ್ತು, ಟ್ರೀಟಿಸ್‌ನ ಮೊದಲ ಪುಸ್ತಕದ ಕೊನೇಲಿ ಕತ್ತಲಲ್ಲಿ ಮುಳುಗಿದ ಹಾಗಾಗಿದೆ ಅಂತ ಬರೆದು, ಊಟ ಮಾಡ್ತೀನಿ, ಗೆಳೆಯರ ಜೊತೆ ಪಗಡೆ ಥರದ ಬ್ಯಾಕ್‌ಗ್ಯಾಮನ್ ಆಡ್ತೀನಿ, ಹರಟೆ ಹೊಡೀತೀನಿ, ಮೂರ್ನಾಲ್ಕು ಗಂಟೆ ಕಳೆದು ವಾಪಸ್ ಬಂದ್ರೆ ಆ ಯೋಚನೆಗಳೆಲ್ಲ ತಣ್ಣಗೆ ಕಾಣುತ್ತೆ ಅಂತಾನೆ. ನಮ್ಮನೇಲಿ ಅಮ್ಮನ ಜೊತೆ ಚೌಕಾಬಾರ.

ಓದೋಕೆ ಟ್ರೀಟಿಸ್‌ನಿಂದ ಶುರು ಮಾಡ್ಬೇಡಿ, ದಪ್ಪ ಇದೆ, ಸುಸ್ತಾಗುತ್ತೆ. 1748ರಲ್ಲಿ ಅವನೇ ಚಿಕ್ಕದು ಮಾಡಿ ಬರೆದದ್ದು ಈಗ 'ಆನ್ ಎನ್‌ಕ್ವೈರಿ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್' ಅಂತ ಸಿಗುತ್ತೆ, ಹಳೇ ಇಂಗ್ಲಿಷ್ ಕಷ್ಟ ಅನ್ನಿಸಿದ್ರೆ 'ಅರ್ಲಿ ಮಾಡರ್ನ್ ಟೆಕ್ಸ್ಟ್ಸ್' ಅನ್ನೋ ಸೈಟಲ್ಲಿ ಜೊನಾಥನ್ ಬೆನೆಟ್ ಈಗಿನ ಇಂಗ್ಲಿಷಿಗೆ ತಿಳಿ ಮಾಡಿ ಇಟ್ಟಿರೋದು ಪುಕ್ಕಟೆ ಇದೆ. ನಾಲ್ಕು ಮತ್ತು ಐದನೇ ಭಾಗ ಮೊದಲು, ನಾಳೆ ಅನ್ನೋದು ಅಲ್ಲಿದೆ. ಆಮೇಲೆ ಹತ್ತನೇದು, ಅಂತೆ ಅಲ್ಲಿದೆ. ಆದ್ದರಿಂದ ಇರೋದು ಏಳನೇದ್ರಲ್ಲಿ, ಅದು ಸ್ವಲ್ಪ ಗಟ್ಟಿ, ಎರಡನೇ ಓದಿಗೆ ಇಟ್ಕೊಳ್ಳಿ, ಪಕ್ಕದಲ್ಲಿ ಒಂದು ಕೇರಂ ಬೋರ್ಡ್ ಇದ್ರೆ ಇನ್ನೂ ಒಳ್ಳೇದು.